‘ಹೋಗಿ ಬರ್ತೀನಿ’ಗೆ ಉಕ್ರೇನಿಯನ್ನಿನಲ್ಲಿ ಏನಂತಾರೆ?

ಕೀವ್ ನಗರದ ಒಂದು ಔಷಧಿ ಅಂಗಡಿ ಎಂದಿಟ್ಟುಕೊಳ್ಳೋಣ. ಭಾಷೆಯನ್ನು ಈಗಷ್ಟೇ ಕಲಿಯುತ್ತಿರುವವನು ತಲೆನೋವಿನ ಮಾತ್ರೆ ಕೊಂಡು, ಚಿಲ್ಲರೆ ಎಣಿಸಿಕೊಂಡು, ಬಾಯಿಪಾಠ ಮಾಡಿಟ್ಟಿದ್ದನ್ನು ತಪ್ಪಿಲ್ಲದೆ ಒಪ್ಪಿಸುತ್ತಾನೆ: ‘ದೊ ಪೊಬಾಚೆನ್ನ್ಯಾ.’ ಕೌಂಟರ್ ಆಚೆಗಿನ ಹೆಂಗಸು ಅದನ್ನೇ ಮರುನುಡಿದು, ಜೊತೆಗೆ ‘ಹಾರ್ನೊಹೊ ದ್ನ್ಯಾ’ ಎಂದು ಇನ್ನೊಂದು ಮಾತು ಸೇರಿಸುತ್ತಾಳೆ. ಒಳ್ಳೆಯ ದಿನವಾಗಲಿ ಎಂಬ ಹಾರೈಕೆ ಅದು. ಪುಸ್ತಕದ ಮೊದಲ ಪಾಠದಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ನಮ್ಮವನು ತಲೆಯಾಡಿಸಿ, ಹಲ್ಲುಕಿರಿದು ಹೊರಬೀಳುತ್ತಾನೆ. ಅವನು ಹೇಳಬೇಕಾಗಿದ್ದದ್ದು ಎರಡೇ ಪದ: ‘ದ್ಯಾಕುಯು, ನವ್ಜ಼ಾಯೆಮ್.’ ಧನ್ಯವಾದ, ನಿಮಗೂ ಹಾಗೇ ಆಗಲಿ.

ಕಲಿಯುವವರಿಗಾಗಿ ಬರೆದ ಪಟ್ಟಿಗಳ ಕೊರತೆ ಇರುವುದೇ ಇಲ್ಲಿ. ಬೀಳ್ಕೊಳ್ಳುವ ಮಾತುಗಳನ್ನು ಅವು ಒಂದರ ಕೆಳಗೊಂದು ಜೋಡಿಸಿ, ಎದುರಿಗೆ ಅರ್ಥ ಬರೆದು ಕೈತೊಳೆದುಕೊಳ್ಳುತ್ತವೆ. ಉಕ್ರೇನಿಯನ್ನರು ಹೊರಡುವಾಗ ನಡೆಯುವುದು ಹಾರೈಕೆಯ ಕೊಡು–ಕೊಳ್ಳುವಿಕೆ. ಒಬ್ಬರು ಆರೋಗ್ಯ, ಅದೃಷ್ಟ, ಒಳ್ಳೆಯ ಸಂಜೆ ಏನನ್ನಾದರೂ ಹಾರೈಸುತ್ತಾರೆ, ಇನ್ನೊಬ್ಬರು ಅದನ್ನು ಬಾಯಿಬಿಟ್ಟು ಹಿಂದಿರುಗಿಸುತ್ತಾರೆ. ಮರ್ಯಾದೆ ಎನ್ನುವುದು ಯಾವ ಪದ ಆರಿಸಿದಿರಿ ಎನ್ನುವುದಕ್ಕಿಂತ ಹೆಚ್ಚಾಗಿ ಆ ಪದದ ಕೊನೆಗೆ ಬಹುವಚನ ಹಚ್ಚಿದಿರಾ, ಎದುರಿನವರ ಹೆಸರು ಹಿಡಿದು ಕರೆದಿರಾ, ಅವರ ಹಾರೈಕೆಗೆ ಉತ್ತರ ಕೊಟ್ಟಿರಾ ಎನ್ನುವುದರಲ್ಲಿದೆ.

ಉಚ್ಚಾರದ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಇಲ್ಲಿ ಕನ್ನಡಿಗರಿಗೆ ಲಾಭವಿದೆ. ರಷ್ಯನ್ನರು ‘ಗ’ ಎಂದು ಓದುವ ಅಕ್ಷರವನ್ನು ಉಕ್ರೇನಿಯನ್ನರು ‘ಹ’ ಎಂದು ಓದುತ್ತಾರೆ. ಅದೂ ನಮ್ಮ ಹಕಾರದ ಹಾಗೆ ಗಂಟಲಲ್ಲಿ ನಾದ ಉಳಿಸಿಕೊಂಡ ‘ಹ’. ‘ಹಾರ್ನೊಹೊ’ ಎನ್ನಲು ಇಂಗ್ಲಿಷಿನವರು ಪಡುವ ಪಾಡು ನಮಗಿಲ್ಲ. ನಿಜವಾದ ‘ಗ’ಕ್ಕೆ ಅವರಲ್ಲಿ ಬೇರೆಯೇ ಅಕ್ಷರವಿದೆ. 1933ರಲ್ಲಿ ಸೋವಿಯತ್ ಆಡಳಿತ ಅದನ್ನು ವರ್ಣಮಾಲೆಯಿಂದ ಕಿತ್ತುಹಾಕಿತ್ತು, 1990ರಲ್ಲಿ ಮರಳಿ ಬಂತು. ಇನ್ನೊಂದು ಅನುಕೂಲ: ಒತ್ತು ಬೀಳದ ‘ಒ’ಕಾರ ರಷ್ಯನ್‌ನಲ್ಲಿ ‘ಅ’ ಆಗಿಬಿಡುತ್ತದೆ, ಉಕ್ರೇನಿಯನ್ನಿನಲ್ಲಿ ‘ಒ’ ಆಗಿಯೇ ಉಳಿಯುತ್ತದೆ. ಬರೆದಂತೆ ಓದಿದರೆ ಬಹುಪಾಲು ಸರಿಹೋಗುತ್ತದೆ. ಚುಕ್ಕಿ ಹಾಕಿದ ‘ಜ಼’ವನ್ನು ಮಾತ್ರ ಹಲ್ಲಿನ ಸಂದಿಯಲ್ಲಿ ಜೇನು ಗುಂಯ್‌ಗುಟ್ಟಿದಂತೆ ಹೇಳಬೇಕು.

ಈಗ ಪದಗಳಿಗೆ ಬರೋಣ. ‘ದೊ ಪೊಬಾಚೆನ್ನ್ಯಾ’ ಎಲ್ಲಿಯೂ ತಪ್ಪಾಗದ ಮಾತು. ಬ್ಯಾಂಕು, ಆಸ್ಪತ್ರೆ, ಶಾಲೆ, ಪಕ್ಕದ ಮನೆಯ ಅಜ್ಜಿ, ಎಲ್ಲರಿಗೂ ಸಲ್ಲುತ್ತದೆ. ಸಲ್ಲುವುದು ಸರಿ, ಆದರೆ ಗೆಳೆಯರ ನಡುವೆ ಅದೊಂದನ್ನೇ ಹೇಳುತ್ತಿದ್ದರೆ ಏನೋ ಮುನಿಸಿರಬೇಕು ಎಂದುಕೊಳ್ಳುತ್ತಾರೆ. ‘ದೊ ಜ಼ುಸ್ತ್ರಿಚಿ’ ಕೊಂಚ ಬೆಚ್ಚಗಿನದು. ಮತ್ತೆ ಭೇಟಿಯಾಗುವುದು ಖಚಿತವಿದ್ದಾಗ, ಮುಂದಿನ ವಾರದ ತರಗತಿಗೋ ಸಭೆಗೋ ಸಿಗುವವರಿಗೆ ಹೇಳುವಂಥದ್ದು. ಎರಡರಲ್ಲೂ ಬರುವ ‘ದೊ’ ಎಂದರೆ ‘ತನಕ’. ಅದರ ಮುಂದಿನ ಪದ ಷಷ್ಠೀ ವಿಭಕ್ತಿಯಲ್ಲಿರಬೇಕು. ಈ ಒಂದು ಕೀಲು ಕೈಗೆ ಸಿಕ್ಕರೆ ಬೇಕಾದ್ದನ್ನು ನೀವೇ ಕಟ್ಟಿಕೊಳ್ಳಬಹುದು: ನಾಳೆಯ ತನಕ ಎನ್ನಲು ‘ದೊ ಜ಼ಾವ್ತ್ರಾ’, ಸಂಜೆಯ ತನಕ ಎನ್ನಲು ‘ದೊ ವೆಚೊರಾ’, ಸೋಮವಾರದ ತನಕ ಎನ್ನಲು ‘ದೊ ಪೊನೆದಿಲ್ಕಾ’. ಫೋನಿನಲ್ಲಿ ಮಾತಾಡುತ್ತಿದ್ದರೆ ‘ಪೊಬಾಚಿಮೊಸ್ಯಾ’, ನೋಡೋಣ, ಎನ್ನುವ ಬದಲು ‘ಪೊಚೂಯೆಮೊಸ್ಯಾ’ ಎನ್ನುತ್ತಾರೆ. ದನಿ ಕೇಳಿಸಿಕೊಳ್ಳೋಣ, ಅಂದರೆ ಮತ್ತೆ ಫೋನಿನಲ್ಲಿ ಸಿಗೋಣ ಎಂದು.

‘ಬುವಾಯ್’ ಎಂಬುದು ಗೆಳೆಯರ, ಮನೆಯವರ ಮಾತು. ಇದಕ್ಕೆ ‘ತೆ’ ಸೇರಿಸಿ ‘ಬುವಾಯ್ತೆ’ ಎಂದರೆ ಅದು ಬಹುವಚನವೂ ಹೌದು, ಮರ್ಯಾದೆಯೂ ಹೌದು. ‘ನೀನು–ನೀವು’ ಇಲ್ಲದ ಭಾಷೆಯಿಂದ ಬಂದವರಿಗೆ ಈ ‘ತಿ–ವಿ’ ಭೇದ ತಿಂಗಳುಗಟ್ಟಲೆ ಕಾಡುತ್ತದೆ. ‘ಬಾ’ಗೂ ‘ಬನ್ನಿ’ಗೂ ನಡುವಿನ ಅಂತರವನ್ನು ಮೂರು ವರ್ಷಕ್ಕೇ ಅರಿತ ನಮಗೆ ಅದನ್ನು ಯಾರೂ ವಿವರಿಸಬೇಕಿಲ್ಲ. ಆದರೂ ಒಂದು ಎಚ್ಚರಿಕೆ. ‘ಬುವಾಯ್ತೆ’ ಬಹುವಚನದಲ್ಲಿದ್ದರೂ ಸಲಿಗೆಯ ವಾಸನೆ ಅದರಿಂದ ಪೂರ್ತಿ ಹೋಗುವುದಿಲ್ಲ. ತರಕಾರಿ ಮಾರುವವರಿಗೆ, ಪರಿಚಯದ ಹಿರಿಯರಿಗೆ ಚೆಂದ, ವೀಸಾ ಅಧಿಕಾರಿಗೆ ಬೇಡ. ಇದರ ಪೂರ್ಣ ರೂಪ ‘ಬುವಾಯ್ತೆ ಜ಼್ದೊರೋವಿ’, ಆರೋಗ್ಯವಾಗಿರಿ. ಒಬ್ಬನೇ ಗೆಳೆಯನಿಗೆ ‘ಬುವಾಯ್ ಜ಼್ದೊರೋವ್’, ಗೆಳತಿಗೆ ‘ಬುವಾಯ್ ಜ಼್ದೊರೋವಾ’. ಕೊನೆಯ ಸ್ವರ ಕೇಳುವವರ ಲಿಂಗವನ್ನು ಹಿಡಿದು ಬದಲಾಗುತ್ತದೆ. ನನ್ನನ್ನು ಕೇಳಿದರೆ ಈ ಭಾಷೆಯ ಬೀಳ್ಕೊಡುಗೆಗಳಲ್ಲಿ ಎಲ್ಲಕ್ಕಿಂತ ಸೊಗಸಾದದ್ದು ಇದೇ. ಹಳ್ಳಿಯ ಬಾಯಿಂದ ನಗರದ ಬಾಯಿಗೆ ಬಂದರೂ ಪೇಲವವಾಗಿಲ್ಲ.

ಗಡಿಬಿಡಿಯಲ್ಲಿ ಬಾಯಿಗೆ ಬರಬಾರದ್ದು ‘ಪ್ರೊಶ್ಚವಾಯ್’. ನಿಘಂಟು ತೆರೆದರೆ ಇದೂ ವಿದಾಯವೇ. ಆದರೆ ಇದು ಮತ್ತೆ ಸಿಗುತ್ತೇವೋ ಇಲ್ಲವೋ ಎನ್ನುವಂಥ ವಿದಾಯ. ಸಂಬಂಧ ಮುರಿದುಕೊಂಡವರು, ದೇಶ ಬಿಟ್ಟು ಹೊರಟವರು, ಸಾವಿನ ಮುಂದೆ ನಿಂತವರು ಆಡುವ ಮಾತು. ಊಟ ಮುಗಿಸಿ ಮನೆಗೆ ಹೊರಟ ಅತಿಥಿ ಇದನ್ನು ಹೇಳಿದರೆ ಮನೆಯವರ ಮುಖ ಬಾಡುತ್ತದೆ. ಪಟ್ಟಿಗಳಲ್ಲಿ ಇದನ್ನು ‘ಬುವಾಯ್’ ಪಕ್ಕದಲ್ಲೇ, ಯಾವ ಷರಾ ಇಲ್ಲದೆ ಕೂರಿಸುವುದು ಕಲಿಯುವವರಿಗೆ ಮಾಡುವ ಅನ್ಯಾಯ.

ಹಾರೈಕೆಗಳದು ಬೇರೆ ಸಾಲು. ‘ಹಾರ್ನೊಹೊ ದ್ನ್ಯಾ’, ‘ಹಾರ್ನೊಹೊ ವೆಚೊರಾ’ ಇವೆಲ್ಲ ಷಷ್ಠಿಯಲ್ಲಿರುವುದು ಏಕೆಂದರೆ ‘ಬಝಾಯು’, ಹಾರೈಸುತ್ತೇನೆ, ಎಂಬ ಕ್ರಿಯಾಪದ ಅದರ ಹಿಂದೆ ಅಡಗಿದೆ. ಪ್ರಯಾಣ ಹೊರಟವರಿಗೆ ‘ಶ್ಚಸ್ಲಿವೊಯಿ ದೊರೋಹಿ’. ಪರೀಕ್ಷೆಗೋ ಸಂದರ್ಶನಕ್ಕೋ ಹೊರಟವರಿಗೆ ‘ಖಾಯ್ ಶ್ಚಸ್ತಿತ್’, ಅದೃಷ್ಟ ಒಲಿಯಲಿ. ಗೌರವವೂ ಬೇಕು, ಬಿಗುವೂ ಬೇಡ ಎನ್ನುವಲ್ಲಿ ‘ನಾ ವ್ಸೆ ದೋಬ್ರೆ’, ಎಲ್ಲವೂ ಒಳಿತಾಗಲಿ. ಕಚೇರಿಯಿಂದ ಹೊರಡುವಾಗ, ಉಪನ್ಯಾಸ ಮುಗಿಸುವಾಗ ಇದು ಹೇಳಿ ಮಾಡಿಸಿದ ಮಾತು.

ಒಂದು ಕಡೆ ಮಾತ್ರ ಬಹಳ ಜನ ಎಡವುತ್ತಾರೆ. ‘ದೋಬ್ರೊಹೊ ದ್ನ್ಯಾ’ ಮತ್ತು ‘ಹಾರ್ನೊಹೊ ದ್ನ್ಯಾ’ ಎರಡಕ್ಕೂ ಅರ್ಥ ಒಳ್ಳೆಯ ದಿನವೇ, ವ್ಯಾಕರಣವೂ ಒಂದೇ. ಆದರೆ ಮೊದಲನೆಯದನ್ನು ಜನ ಬಳಸುವುದು ಬಾಗಿಲು ತೆಗೆದು ಒಳಗೆ ಬರುವಾಗ, ಎರಡನೆಯದನ್ನು ಹೊರಗೆ ಹೋಗುವಾಗ. ಒಳಬರುವಾಗಿನ ಆ ಪ್ರಯೋಗವನ್ನೂ ಭಾಷಾ ಶುದ್ಧಿಯವರು ಒಪ್ಪುವುದಿಲ್ಲ, ‘ದೋಬ್ರಿಯ್ ದೆನ್’ ಎಂದು ಪ್ರಥಮಾ ವಿಭಕ್ತಿಯಲ್ಲೇ ಹೇಳಿ ಎನ್ನುತ್ತಾರೆ. ಹಾಗೆಯೇ ಸಂಜೆ ಬಂದಾಗ ‘ದೋಬ್ರಿಯ್ ವೆಚಿರ್’ ಸರಿ. ಸಂಜೆ ಹೊರಡುವಾಗ ‘ಹಾರ್ನೊಹೊ ವೆಚೊರಾ’. ‘ನಾ ದೊಬ್ರಾನಿಚ್’ ಎನ್ನುವುದು ರಾತ್ರಿ ಮಲಗುವ ಹೊತ್ತಿಗೆ. ಸಂಜೆ ಆರಕ್ಕೆ ಕಚೇರಿ ಬಿಡುವಾಗ ಅದನ್ನು ಹೇಳಿದರೆ ಸಹೋದ್ಯೋಗಿಗಳು ‘ಇಷ್ಟು ಬೇಗ ನಿದ್ದೆಯೇ?’ ಎಂದು ನಕ್ಕಾರು.

ಭಾಷಾ ಶುದ್ಧಿಯ ಮಾತು ಬಂದಿದ್ದರಿಂದ ಆ ಜಗಳವನ್ನೂ ನೋಡಿಬಿಡೋಣ. ‘ವ್ಸ್ಯೋಹೊ ದೋಬ್ರೊಹೊ’ ಎಂಬ ಬೀಳ್ಕೊಡುಗೆ ಊರೆಲ್ಲ ಕೇಳಿಬರುತ್ತದೆ. ಅದು ರಷ್ಯನ್ ಅಚ್ಚಿನಲ್ಲಿ ಎರಕ ಹೊಯ್ದದ್ದು, ‘ನಾ ವ್ಸೆ ದೋಬ್ರೆ’ಯೇ ನಮ್ಮದು ಎನ್ನುವವರಿದ್ದಾರೆ. ‘ಖೊರೋಶೊಹೊ ದ್ನ್ಯಾ’ ಬೇಡ, ‘ಹಾರ್ನೊಹೊ’ ಇರಲಿ ಎನ್ನುವವರೂ ಇದ್ದಾರೆ. ಟಿವಿಯ ಬೆಳಗಿನ ಕಾರ್ಯಕ್ರಮಗಳಲ್ಲಿ ಸಹ ಇಂಥ ಪುಟ್ಟ ಭಾಷಾ ಪಾಠಗಳು ನಡೆಯುತ್ತವೆ, ಜನ ಕೂತು ನೋಡುತ್ತಾರೆ. ಹೊಸಬರು ಈ ವಾದದಲ್ಲಿ ಪಕ್ಷ ವಹಿಸಬೇಕಿಲ್ಲ. ಆದರೆ ಎರಡರಲ್ಲಿ ಒಂದನ್ನು ಹೇಗಿದ್ದರೂ ಕಲಿಯಬೇಕಲ್ಲ, ಯಾರೂ ತಿದ್ದದ್ದನ್ನೇ ಕಲಿತರೆ ಶ್ರಮ ಉಳಿಯುತ್ತದೆ.

ಹೆಸರು ಹಿಡಿದು ಕರೆಯುವ ವಿಷಯ ಇದಕ್ಕಿಂತ ಮುಖ್ಯ. ಉಕ್ರೇನಿಯನ್ನಿಗೆ ಏಳು ವಿಭಕ್ತಿ, ಏಳನೆಯದು ಸಂಬೋಧನೆ. ಸೋವಿಯತ್ ಕಾಲದ ವ್ಯಾಕರಣಗಳು ಇದಕ್ಕೆ ವಿಭಕ್ತಿಯ ಪಟ್ಟ ಕೊಡದೆ ಬರಿಯ ‘ಸಂಬೋಧನಾ ರೂಪ’ ಎಂದು ಕೆಳಗಿಳಿಸಿದ್ದವು. ಜನ ಬಿಡಲಿಲ್ಲ. ಒಲೇನಾ ಎಂಬಾಕೆಯನ್ನು ಬೀಳ್ಕೊಡುವಾಗ ‘ದೊ ಪೊಬಾಚೆನ್ನ್ಯಾ, ಪಾನಿ ಒಲೇನೊ’ ಎನ್ನಬೇಕು. ಅಂದ್ರಿಯ್ ಆದರೆ ‘ಪಾನೆ ಅಂದ್ರಿಯು’. ಮಿಕೋಲಾ ಆದರೆ ‘ಮಿಕೋಲೊ’. ‘ಪಾನ್’, ‘ಪಾನಿ’ ಎಂದರೆ ಶ್ರೀಯುತ, ಶ್ರೀಮತಿ ಇದ್ದ ಹಾಗೆ. ಸೋವಿಯತ್ ಆಡಳಿತದಲ್ಲಿ ‘ಕಾಮ್ರೇಡ್’ ಪದದ ಕೆಳಗೆ ಹೂತುಹೋಗಿದ್ದ ಇವು 1991ರ ಸ್ವಾತಂತ್ರ್ಯದ ಬಳಿಕ ದಿನಬಳಕೆಗೆ ಮರಳಿದವು. ಶಾಲೆ, ಆಸ್ಪತ್ರೆ, ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಹಳೆಯ ರೂಢಿಯಂತೆ ಹೆಸರಿನ ಜೊತೆ ತಂದೆಯ ಹೆಸರಿನಿಂದ ಬಂದ ರೂಪವನ್ನೂ ಸೇರಿಸಿ, ಎರಡಕ್ಕೂ ಸಂಬೋಧನೆ ಹಚ್ಚಿ ಕರೆಯುವುದುಂಟು: ಒಕ್ಸಾನಾ ಪೆತ್ರಿವ್ನಾ ಎಂಬ ಶಿಕ್ಷಕಿ ‘ಒಕ್ಸಾನೊ ಪೆತ್ರಿವ್ನೊ’ ಆಗುತ್ತಾರೆ. ಕನ್ನಡದಲ್ಲಿ ಅಣ್ಣ ಎಂಬುದನ್ನು ‘ಅಣ್ಣಾ’ ಎಂದು ಎಳೆದು ಕೂಗಿದವರಿಗೆ ಹೆಸರಿನ ಬಾಲ ಬದಲಾಗುವುದು ಸೋಜಿಗವೇನಲ್ಲ. ವಿದೇಶಿಯೊಬ್ಬ ಇಷ್ಟನ್ನು ಸರಿಯಾಗಿ ಮಾಡಿದರೆ, ಉಳಿದ ವ್ಯಾಕರಣವೆಲ್ಲ ಕುಂಟುತ್ತಿದ್ದರೂ ಅವನನ್ನು ಮರ್ಯಾದಸ್ಥನೆಂದೇ ಎಣಿಸುತ್ತಾರೆ.

ಯಾರದಾದರೂ ಮನೆಗೆ ಊಟಕ್ಕೆ ಹೋದರೆ ಬೀಳ್ಕೊಡುಗೆ ಒಂದು ಪದದಲ್ಲಿ ಮುಗಿಯುವುದಿಲ್ಲ. ಮೊದಲು ಪೀಠಿಕೆ: ‘ಮೆನಿ ವ್ಝೆ ಚಾಸ್’, ನನಗೆ ಹೊತ್ತಾಯಿತು. ‘ಶ್ಚೆ ಪೊಸಿದ್ತೆ’, ಇನ್ನೂ ಸ್ವಲ್ಪ ಕೂತಿರಿ, ಎಂದು ಮನೆಯವರು ತಡೆಯುತ್ತಾರೆ. ತಡೆಯಲೇಬೇಕು, ಅದು ಅವರ ಧರ್ಮ. ತಡೆದರೂ ತಕ್ಷಣ ಎದ್ದು ಓಡುವುದೂ ಚೆಂದವಲ್ಲ, ನಿಜಕ್ಕೂ ಇನ್ನೊಂದು ಗಂಟೆ ಕೂರುವುದೂ ಕಷ್ಟ. ಎದ್ದು, ಕೋಟು ಹಾಕಿಕೊಳ್ಳುತ್ತ, ‘ದ್ಯಾಕುಯು ಜ಼ಾ ಹೊಸ್ತಿನು’ ಎಂದು ಆತಿಥ್ಯಕ್ಕೆ ವಂದನೆ ಹೇಳುತ್ತಾರೆ. ಅಷ್ಟರಲ್ಲಿ ಮನೆಯಾಕೆ ಒಳಗಿಂದ ಹಣ್ಣು ಸಕ್ಕರೆ ಹಾಕಿ ಕುದಿಸಿದ ‘ವರೇನ್ನ್ಯಾ’ದ ಸೀಸೆಯನ್ನೋ ಉಪ್ಪಿನಲ್ಲಿ ಹಾಕಿಟ್ಟ ಸೌತೆಕಾಯಿಯನ್ನೋ ತಂದು ಕೈಗೆ ತುರುಕಿದರೆ ಅಚ್ಚರಿಯಿಲ್ಲ. ಬೇಡವೆಂದು ಒಮ್ಮೆ ಹೇಳಬಹುದು, ಎರಡನೆಯ ಸಲ ತೆಗೆದುಕೊಳ್ಳಬೇಕು. ಮನೆಯಲ್ಲಿರುವ ಉಳಿದವರಿಗೆ ನಮಸ್ಕಾರ ತಿಳಿಸಿ ಎನ್ನಲು ‘ಪೆರೆದವಾಯ್ತೆ ವಿತಾನ್ನ್ಯಾ’. ಮೊದಲ ಭೇಟಿಯಾಗಿದ್ದರೆ ‘ಬುಲೋ ಪ್ರಿಯೇಮ್ನೊ ಪೊಜ಼್ನಾಯೋಮಿತಿಸ್ಯಾ’, ಪರಿಚಯವಾದದ್ದು ಸಂತೋಷ. ಇದೇ ಮಾತನ್ನು ‘ರಾದಿಯ್’, ‘ರಾದಾ’ ಎಂದು ಶುರು ಮಾಡುವ ಬಗೆಯೂ ಇದೆ, ಅಲ್ಲಿ ಹೇಳುವವರು ಗಂಡೋ ಹೆಣ್ಣೋ ನೋಡಿ ಪದ ಬದಲಾಗುತ್ತದೆ. ಕಲಿಯುವವರಿಗೆ ಮೊದಲನೆಯದೇ ನಿರಾಳ. ಬಾಗಿಲಲ್ಲಿ ಮನೆಯವರು ‘ಪ್ರಿಖೋದ್ತೆ ಶ್ಚೆ’, ಮತ್ತೆ ಬನ್ನಿ, ಎನ್ನುತ್ತಾರೆ.

ಆ ಬಾಗಿಲಲ್ಲೇ ಒಂದು ನಿಷೇಧವಿದೆ. ಹೊಸ್ತಿಲಿನ ಈಚೆಗೊಬ್ಬರು ಆಚೆಗೊಬ್ಬರು ನಿಂತು ಕೈಕುಲುಕಬಾರದು, ವಸ್ತು ದಾಟಿಸಬಾರದು. ಹೊಸ್ತಿಲಲ್ಲಿ ಹಿರಿಯರ ಆತ್ಮಗಳಿರುತ್ತವೆ ಎಂಬ ಹಳೆಯ ನಂಬಿಕೆಗೆ ಇದನ್ನು ಜೋಡಿಸುವುದುಂಟು. ನಂಬದವರೂ ಪಾಲಿಸುತ್ತಾರೆ. ನೀವು ಹೊರಗಿನಿಂದ ಕೈಚಾಚಿದರೆ ಎದುರಿನವರು ಒಂದೋ ತಾವು ಹೊರಗೆ ಹೆಜ್ಜೆಯಿಡುತ್ತಾರೆ, ಇಲ್ಲವೇ ನಿಮ್ಮನ್ನು ಒಳಕ್ಕೆಳೆದು ಕೈಕುಲುಕುತ್ತಾರೆ. ಚಳಿಗಾಲದಲ್ಲಾದರೆ ಕೈಗವಸು ಕಳಚಿಯೇ ಕೈಕೊಡಬೇಕು. ದೂರದ ಪ್ರಯಾಣ ಹೊರಡುವವರು ಪೆಟ್ಟಿಗೆ ಕಟ್ಟಿಟ್ಟ ಮೇಲೆ ಮನೆಯವರೊಂದಿಗೆ ಒಂದು ಗಳಿಗೆ ಸುಮ್ಮನೆ ಕೂತು ಏಳುವ ಪದ್ಧತಿಯೂ ಇದೆ.

ಫೋನು ಇಡುವ ಶಾಸ್ತ್ರ ನಮ್ಮಲ್ಲಿಯಷ್ಟೇ ಉದ್ದ. ‘ಸರಿ, ಇಡ್ಲಾ? ಹ್ಞೂಂ, ಆಯ್ತು, ಇಡ್ತೀನಿ’ ಎಂದು ನಾವು ನಾಲ್ಕು ಸಲ ಇಡುವಂತೆ ಅವರೂ ‘ನು, ದವಾಯ್... ಪಾ-ಪಾ... ತ್ಸ್ಯೋಮ್... ಬುವಾಯ್’ ಎಂದು ಸರಪಳಿ ಕಟ್ಟುತ್ತಾರೆ. ‘ತ್ಸ್ಯೋಮ್’ ಎಂದರೆ ಮುತ್ತು. ಮಕ್ಕಳಿಗೆ, ಅಕ್ಕತಂಗಿಯರಿಗೆ, ಆಪ್ತ ಗೆಳತಿಯರಿಗೆ ಮೀಸಲು, ಮೇಲಧಿಕಾರಿಗೆ ಅಲ್ಲ.

ಪ್ರಾಂತ್ಯಗಳ ಬಣ್ಣ ಬೇರೆಯೇ ಇದೆ. 1772ರಿಂದ 1918ರವರೆಗೆ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಲ್ವಿವ್ ಕಡೆಯವರು ‘ಸೇರ್ವುಸ್’ ಎನ್ನುವುದನ್ನು ಇಂದಿಗೂ ಕೇಳಬಹುದು. ಅದು ಬಂದಾಗಿನ ಮಾತೂ ಹೌದು, ಹೋಗುವಾಗಿನದೂ ಹೌದು. ಅದೇ ಕಡೆಯ ಗ್ಯಾಲಿಷಿಯಾ ಪ್ರಾಂತ್ಯದವರ ಬಾಯಲ್ಲಿ ‘ಹಾರ್ನೊಹೊ’ ಇದ್ದಲ್ಲಿ ‘ಫಾಯ್ನೊಹೊ’ ಬರುತ್ತದೆ. ಪಶ್ಚಿಮದ ಹಳ್ಳಿಗಳಲ್ಲಿ ಭಕ್ತರು ‘ಜ಼್ ಬೋಹೊಮ್’, ದೇವರು ಜೊತೆಗಿರಲಿ, ಎಂದು ಕಳಿಸಿಕೊಡುತ್ತಾರೆ. ಕಲಿಯುವವರು ಇವನ್ನು ಗುರುತಿಸಿದರೆ ಸಾಕು, ಮೊದಲ ದಿನವೇ ಅನುಕರಿಸಿದರೆ ನಾಟಕದಂತೆ ಕೇಳಿಸುತ್ತದೆ.

ಪೂರ್ವ ಮತ್ತು ದಕ್ಷಿಣದ ನಗರಗಳಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. ಅಲ್ಲಿ ದಶಕಗಳ ಕಾಲ ಕೇಳಿದ್ದು ರಷ್ಯನ್ನಿನ ‘ದ ಸ್ವಿದಾನಿಯಾ’, ‘ಪಕಾ’. ಅದು ತಾನಾಗಿ ಆದದ್ದಲ್ಲ. ರಷ್ಯಾದ ಸಾಮ್ರಾಟರ ಕಾಲದಲ್ಲಿ 1863ರ ಸುತ್ತೋಲೆ, 1876ರ ಎಮ್ಸ್ ಆಜ್ಞೆಗಳು ಉಕ್ರೇನಿಯನ್ ಪುಸ್ತಕಗಳ ಮುದ್ರಣವನ್ನೇ ಕಟ್ಟಿಹಾಕಿದ್ದವು. ಸೋವಿಯತ್ ಕಾಲದಲ್ಲಿ ನಗರ, ಕಾರ್ಖಾನೆ, ಬಡ್ತಿ ಎಲ್ಲಕ್ಕೂ ರಷ್ಯನ್ನೇ ಏಣಿಯಾಯಿತು. ಕರ್ನಾಟಕದಿಂದ ವೈದ್ಯಕೀಯ ಓದಲು ಹೋದ ವಿದ್ಯಾರ್ಥಿಗಳಲ್ಲಿ ಖಾರ್ಕಿವ್ ಸೇರಿದವರ ಕಿವಿಗೆ ಬೀದಿಯಲ್ಲಿ ಬಿದ್ದದ್ದೂ ಹೆಚ್ಚಾಗಿ ಅದೇ. 2019ರಲ್ಲಿ ಸಂಸತ್ತು ರಾಜ್ಯಭಾಷಾ ಕಾಯ್ದೆ ಮಾಡಿತು. 2021ರ ಜನವರಿ 16ರಿಂದ ಅಂಗಡಿ, ಹೋಟೆಲು, ಔಷಧಾಲಯಗಳಲ್ಲಿ ಗ್ರಾಹಕರೊಂದಿಗೆ ಮೊದಲ ಮಾತು ಉಕ್ರೇನಿಯನ್ನಿನಲ್ಲೇ ಇರಬೇಕೆಂಬ ನಿಯಮ ಬಂತು. 2022ರ ಫೆಬ್ರುವರಿ 24ರ ರಷ್ಯಾ ದಾಳಿಯ ನಂತರ ಕಾನೂನು ಹೇಳದಿದ್ದರೂ ಸಾವಿರಾರು ಜನ ತಾವಾಗಿ ಭಾಷೆ ಬದಲಿಸಿದರು. ಇವತ್ತು ಅಪರಿಚಿತರೊಬ್ಬರಿಗೆ ‘ಪಕಾ’ ಎನ್ನುವ ವಿದೇಶಿ ಅಸಭ್ಯನೇನಲ್ಲ, ಆದರೆ ಎದುರಿನವರು ಒಂದು ಕ್ಷಣ ತಡೆದು ಉತ್ತರಿಸಿಯಾರು. ರಷ್ಯನ್ ಗೊತ್ತಿದ್ದವರೂ ಬೀಳ್ಕೊಡುವಾಗ ‘ದೊ ಪೊಬಾಚೆನ್ನ್ಯಾ’ ಎನ್ನುವುದೇ ಸೌಜನ್ಯ ಎಂದು ನನ್ನ ಅಭಿಪ್ರಾಯ.

ಅದೇ ಖಾರ್ಕಿವ್‌ನಲ್ಲಿ 2022ರ ಮಾರ್ಚ್ 1ರಂದು ನಡೆದ ಶೆಲ್ ದಾಳಿಯಲ್ಲಿ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಸತ್ತ ಸುದ್ದಿ ನಮ್ಮ ಓದುಗರಿಗೆ ನೆನಪಿರುತ್ತದೆ. ಆ ಯುದ್ಧ ಬೀಳ್ಕೊಡುವ ಮಾತುಗಳನ್ನೂ ಮುಟ್ಟದೆ ಬಿಟ್ಟಿಲ್ಲ. ಸಮರ ಕಾಲದ ಕಾನೂನು ಜಾರಿಯಾಗಿ 18ರಿಂದ 60 ವರ್ಷದ ಬಹುತೇಕ ಗಂಡಸರು ದೇಶ ಬಿಡುವಂತಿಲ್ಲವಾದಾಗ, ರೈಲು ನಿಲ್ದಾಣಗಳಲ್ಲಿ ಹೆಂಡತಿ ಮಕ್ಕಳನ್ನು ಗಡಿಯಾಚೆಗೆ ಕಳಿಸಿದವರು ‘ಪ್ರೊಶ್ಚವಾಯ್’ ಅನ್ನು ತುಟಿಯಿಂದ ದೂರವಿಟ್ಟರು. ‘ಬೆರೆಝಿ ಸೆಬೆ’, ಬಹುವಚನದಲ್ಲಿ ‘ಬೆರೆಝಿತ್ ಸೆಬೆ’, ಹುಷಾರಾಗಿರಿ ಎಂಬುದು ಮೊದಲು ಆಪ್ತರ ಮಾತಾಗಿತ್ತು. ಈಗ ಟ್ಯಾಕ್ಸಿ ಚಾಲಕ, ಬ್ಯಾಂಕಿನ ಗುಮಾಸ್ತೆ, ವಾರ್ತೆ ಓದುವವರು ಎಲ್ಲರೂ ಹೇಳುತ್ತಾರೆ, ಯಾಂತ್ರಿಕವಾಗಿ ಅಲ್ಲ. ರಾತ್ರಿ ‘ನಾ ದೊಬ್ರಾನಿಚ್’ ಜೊತೆಗೆ ‘ತೀಖೊಯಿ ನೋಚಿ’ ಬಂತು. ಸದ್ದಿಲ್ಲದ ರಾತ್ರಿಯಾಗಲಿ, ಅಂದರೆ ಸೈರನ್ ಕೂಗದಿರಲಿ, ಡ್ರೋನು ಬರದಿರಲಿ. 2018ರಲ್ಲಿ ಸೇನೆಯ ಅಧಿಕೃತ ವಂದನೆಯಾದ ‘ಸ್ಲಾವಾ ಉಕ್ರಾಯಿನಿ’ಯನ್ನು, ಉಕ್ರೇನಿಗೆ ಕೀರ್ತಿ ಎಂಬುದನ್ನು, ಭಾಷಣ, ಸಭೆ ಮುಗಿಸುವಾಗಲೂ ಹೇಳುತ್ತಾರೆ. ಅದಕ್ಕೆ ಉತ್ತರ ‘ಹೆರೋಯಮ್ ಸ್ಲಾವಾ’, ವೀರರಿಗೆ ಕೀರ್ತಿ. ಸುಮ್ಮನಿರುವಂತಿಲ್ಲ. ಸೈನಿಕನ ಶವ ಊರಿಗೆ ಬರುವಾಗ ರಸ್ತೆಯ ಎರಡೂ ಬದಿ ಜನ ಮಂಡಿಯೂರಿ ನಿಲ್ಲುತ್ತಾರೆ. ಅಲ್ಲಿ ಹೇಳುವುದು ‘ವಿಚ್ನಾ ಪಾಮ್ಯಾತ್’, ನೆನಪು ಶಾಶ್ವತವಾಗಿರಲಿ. ಬೇರೆ ಯಾವ ಬೀಳ್ಕೊಡುಗೆಯೂ ಅಲ್ಲಿ ಸಲ್ಲದು.

ಬರವಣಿಗೆಯ ವಿದಾಯ ಇಷ್ಟು ತೊಡಕಿನದಲ್ಲ. ಅರ್ಜಿಗೆ, ಪ್ರಾಧ್ಯಾಪಕರಿಗೆ, ರಾಯಭಾರ ಕಚೇರಿಗೆ ಬರೆಯುವ ಇಮೇಲಿನ ಕೊನೆಗೆ ‘ಜ಼್ ಪೊವಾಹೊಯು’, ಗೌರವದೊಂದಿಗೆ, ಎಂದು ಬರೆದು ಕೆಳಗೆ ಹೆಸರು ಹಾಕಿದರೆ ಆಯಿತು. ಅದರ ಮುಂದೆ ಅಲ್ಪವಿರಾಮ ಹಾಕಬಾರದೆಂದು ಕೈಪಿಡಿಗಳು ತಿದ್ದುತ್ತವೆ, ಜನ ಹಾಕುತ್ತಲೇ ಇರುತ್ತಾರೆ. ಪರಿಚಯ ಗಟ್ಟಿಯಾದ ಮೇಲೆ ಎದುರಿನವರೇ ಒಂದು ದಿನ ‘ಒಬಿಯ್ಮಾಯು’, ಅಪ್ಪಿಕೊಳ್ಳುತ್ತೇನೆ, ಎಂದು ಪತ್ರ ಮುಗಿಸುತ್ತಾರೆ. ಅಲ್ಲಿಯವರೆಗೆ ನೀವಾಗಿ ಅದನ್ನು ಬರೆಯಬೇಡಿ. ಬರೆದರೆಂದರೆ ಮರುಪತ್ರದಲ್ಲಿ ‘ಜ಼್ ಪೊವಾಹೊಯು’ಗೆ ಹಿಂದಿರುಗಬೇಡಿ.